ಕರಿಯ ಎದ್ದು ಬಂದ

ಗಂಗಕ್ಕ ಮಾಡಿದ್ದು ತಪ್ಪು. ತನ್ನ ಮಂಡಿನೋವಿನ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಮುದಿ ನಾಯಿ ಕರಿಯನಿಗೆ ತಿನ್ನಿಸುತ್ತಿದ್ದಳು. ಧರಣಿ ಕೂರಲೆಂದು ಅಜ್ಜಂಪುರಕ್ಕೆ ಹೋದ ನಾನು ಅವಳ ಟೀ ಅಂಗಡಿಯಲ್ಲಿ ಅದನ್ನು ಕಂಡು ಗದರಿದೆ.

"ನಂಗೂ ಮಂಡಿ, ಇವ್ನಿಗೂ ಮಂಡಿ. ಮಾತ್ರೆ ಯಾಕಪ್ಪಾ ಬೇರೆ?"

"ಹೊಟ್ಟೇಲಿ ಹುಣ್ಣಾಗಿ ಸತ್ತೋಯ್ತಾನೆ ಕಣಕ್ಕಾ!"

ಅವಳು ಬೆಚ್ಚಿ, ಅಂಗಡಿ ಮುಚ್ಚಿ, ಕರಿಯನನ್ನು ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದಳು. ಡಾಕ್ಟರು ಕೀಲುವಾತವೆಂದು ನಾಯಿಗೆ ತಕ್ಕ ಔಷಧಿ ಕೊಟ್ಟರು. ಅಂಗಡಿಯ ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಲು ಹೇಳಿದರು.

ಮುಂದಿನ ತಿಂಗಳು ಮತ್ತೆ ಅಂಗಡಿಗೆ ಹೋದೆ. ಏಳಲಾರದೆ ಬಿದ್ದಿರುತ್ತಿದ್ದ ಕರಿಯ ತಾನಾಗಿ ಎದ್ದು, ಮೈಮುರಿದು, ಗೋಣಿ ಮೇಲೆ ನಡೆದು ಬಂದು ನನ್ನ ಕೈ ಮೂಸಿದ. ನಾನೋ ಸದಾ ಘೋಷಣೆ ಕೂಗುವವನು. ಅಷ್ಟು ನೋವನ್ನು ಈ ಜೀವ ಒಮ್ಮೆಯೂ ಕೂಗದೆ ನುಂಗಿತ್ತಲ್ಲ!

ನಿಮ್ಮ ಮುದಿ ನಾಯಿ ಏಳಲು ತಿಣುಕುತ್ತಿದೆಯೇ? "ವಯಸ್ಸಾಯ್ತು ಬಿಡಿ" ಅನ್ನಬೇಡಿ. ಇವತ್ತೇ ಪಶು ಆಸ್ಪತ್ರೆಗೆ ಹೊರಡಿ.