ಸೇತುವೆ ಎಲ್ಲಿದೆ ಎಂದು ಕೇಳಿದ್ದಕ್ಕೆ

ಕಣಕುಂಬಿ ಹತ್ತಿರದ ನಮ್ಮೂರಿನ ಹಳ್ಳಕ್ಕೆ ಕಾಲುಸೇತುವೆ ಕಟ್ಟಿ ಮುಗಿದಿದೆ ಎಂದು ಸರ್ಕಾರಿ ಕಡತದಲ್ಲಿತ್ತು. ಹಳ್ಳದಲ್ಲಿ ಒಂದು ಕಂಬವೂ ಇರಲಿಲ್ಲ. ಆ ಮಳೆಗಾಲ ನನ್ನ ಅತ್ತಿಗೆ ದಾಟಲು ಹೋಗಿ ಕೊಚ್ಚಿಹೋದಳು. ಮೂರನೆಯ ದಿನ ಹೆಣ ಸಿಕ್ಕಾಗ ಮುಖ ಗುರುತು ಹತ್ತಲಿಲ್ಲ. ಕಾಲುಂಗುರ ನೋಡಿ ಅಣ್ಣ ಕುಸಿದು ಕೂತ.

ನಾನು ಖಾನಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಯಾರಿಗೂ ಹೇಳದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ: ಸೇತುವೆ ಎಲ್ಲಿದೆ? ನೋಡಿ ಸಹಿ ಮಾಡಿದವರು ಯಾರು?

ಹತ್ತು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಅಂಗಡಿಯೊಳಗೆ ಬಂದರು. ಗಿರಾಕಿಗಳೆಂದು ಟೇಪು ಹಿಡಿದು ಎದ್ದೆ.

"ಅರ್ಜಿ ಬರದದ್ದು ಯಾವ ಕೈಲೇ?" ಎಂದ ಒಬ್ಬ.

ನನ್ನ ಬಲಗೈಯನ್ನು ಹೊಲಿಗೆ ಯಂತ್ರಕ್ಕೆ ಒತ್ತಿ ಹಿಡಿದ. ಇನ್ನೊಬ್ಬ ಕಬ್ಬಿಣದ ರಾಡು ಬೀಸಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೆಳಗೆ ಬಿದ್ದವನ ಪಕ್ಕೆಗೆ, ಬಾಯಿಗೆ ಒದ್ದರು. ಎದುರಿನ ಚಹಾದಂಗಡಿಯಾಕೆ ಓಡಿಬಂದು ಕುದಿಯುವ ಚಹಾ ಎರಚದಿದ್ದರೆ ನಾನು ಉಳಿಯುತ್ತಿರಲಿಲ್ಲ. ಮುಖ ಸುಟ್ಟುಕೊಂಡವನು ಅಲ್ಲೇ ಸಿಕ್ಕಿಬಿದ್ದ. ಸೇತುವೆಯ ಗುತ್ತಿಗೆದಾರನ ಆಳು. ಅವನ ಕಿಸೆಯಲ್ಲಿ ನನ್ನ ಅರ್ಜಿಯ ಝೆರಾಕ್ಸ್ ಇತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಹೆಂಡತಿ ಅತ್ತಳು. "ಸಾಕ್ ಬಿಡ್ರಿ. ನೀವು ಜೀವಂತ ಇದ್ರ ಸಾಕು." ನನಗೂ ಹೆದರಿಕೆ ಇತ್ತು. ಆದರೂ ತಿಂಗಳು ಕಳೆದು ಅರ್ಜಿಗೆ ಉತ್ತರ ಬಾರದಿದ್ದಾಗ ಮೇಲ್ಮನವಿ ಹಾಕಿದೆ.

ವಿಚಾರಣೆಯ ದಿನ, ಸೇತುವೆ ಮುಗಿದಿದೆ ಎಂದು ಸಹಿ ಮಾಡಿದ ಎಂಜಿನಿಯರು ಕಚೇರಿಯ ಕಾರಿಡಾರಿನಲ್ಲಿ ನಿಂತಿದ್ದ. ನನ್ನ ಜೊತೆ ಬಂದಿದ್ದ ಅಣ್ಣ ಒಂದೇ ನೆಗೆತಕ್ಕೆ ಅವನ ಕುತ್ತಿಗೆ ಹಿಡಿದು ಗೋಡೆಗೆ ತಲೆ ಅಪ್ಪಳಿಸಿದ.

"ಇವನ್ನ ಕೊಂದಬಿಡ್ತೀನಿ!"

ಎಡಗೈಯಲ್ಲಿ ಅಣ್ಣನನ್ನು ಹಿಂದಕ್ಕೆ ಎಳೆದೆ. "ಸತ್ರ ಉತ್ತರಾ ಯಾರು ಕೊಡ್ತಾರಣ್ಣಾ?"

ಒಳಗೆ ಮೇಲಧಿಕಾರಿ ಎಂಜಿನಿಯರನ್ನು ಕೇಳಿದರು: "ಜಾಗಾಕ್ಕ ಹೋಗಿದ್ರ್ಯಾ?"

"ಇಲ್ರಿ."

"ಇವರ ಅರ್ಜಿ ಗುತ್ತಿಗೆದಾರನ ಕೈಗೆ ಕೊಟ್ಟವರು ಯಾರು?"

"ನಾನ ಕೊಟ್ಟೀನ್ರಿ. ಹೊಡೀತಾರಂತ ಗೊತ್ತಿರಲಿಲ್ರಿ."

ಅಣ್ಣ ಗೋಡೆಗೆ ಮುಖ ಮಾಡಿ ಬಿಕ್ಕಿದ.

ಎಂಜಿನಿಯರು ಅಮಾನತಾದ; ವರ್ಷದೊಳಗೆ ಅವನಿಗೆ ಬೇರೆ ತಾಲೂಕಿನಲ್ಲಿ ಮತ್ತೆ ಕುರ್ಚಿ ಸಿಕ್ಕಿತು. ಸೇತುವೆ ಮುಂದಿನ ಬೇಸಿಗೆಗೆ ನಿಜವಾಗಿಯೂ ಎದ್ದಿತು. ಹಲ್ಲೆಯ ಕೇಸು ಇನ್ನೂ ನಡೆದಿದೆ. ಹೋದ ತಿಂಗಳು ಸಾಕ್ಷಿ ಹೇಳಲು ಹೊರಟಾಗ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡೀರಿ, ನಾನೂ ಬರ್ತೀನಿ," ಎಂದಳು.