ಎಣ್ಣೆ ಕುಡಿದ ಲೆನ್ಸ್

ನಮ್ಮ ಬೀದಿಯ ಗುರುಸಾಮಿಗೆ ಕೈಕೆಲಸ ಚೆನ್ನಾಗಿ ಗೊತ್ತು, ಹೇಳಿದ ಮಾತು ಮಾತ್ರ ಕೇಳುವುದಿಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ತುಡಿಯಲೂರಿನ ಮನೆಯಲ್ಲಿ ಮಗ್ಗ ನಿಂತ ಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಸ್ಯಾಂಪಲ್ ಬಟ್ಟೆಗಳ ಫೋಟೋ ತೆಗೆಯುವ ಕೆಲಸಕ್ಕೆ ಸೇರಿದ. ಕ್ಯಾಮೆರಾ ಕಂಪನಿಯದು, ಹೊಸ ಮಿರರ್‌ಲೆಸ್. ಲೆನ್ಸ್ ಅವನದೇ: ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಮುಚ್ಚಿಹೋದ ಸ್ಟುಡಿಯೋದಿಂದ ಕೊಂಡದ್ದು, ನಲವತ್ತು ವರ್ಷ ಹಳೆಯದು. ನಡುವೆ ಒಂದು ಅಡಾಪ್ಟರ್ ಹಾಕಿ ಕೂರಿಸಿದ್ದ. ಲೆನ್ಸಿನ ಉಂಗುರವನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಪರದೆಯಲ್ಲಿ ಬಟ್ಟೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಒಂದೊಂದು ನೂಲೂ ಬಿಡಿಯಾಗಿ ಕಾಣುವವರೆಗೆ ಅವನು ಬಿಡುತ್ತಿರಲಿಲ್ಲ. ಅವನಪ್ಪ ಭೂತಗನ್ನಡಿ ಹಿಡಿದು ನೂಲೆಣಿಸುತ್ತಿದ್ದದ್ದೂ ಹೀಗೆಯೇ.

ಹೊಸ ಮ್ಯಾನೇಜರ್ ಕಾರ್ತಿಕೇಯನ್‌ಗೆ ಇದು ಸರಿಬರಲಿಲ್ಲ. ತಾನೇ ಫೋಕಸ್ ಮಾಡಿಕೊಳ್ಳುವ ಲೆನ್ಸ್ ಬೀರುವಿನಲ್ಲಿರುವಾಗ ಈ ತಾಪತ್ರಯ ಯಾಕೆ? ಸೋಮವಾರ ಮಧ್ಯಾಹ್ನದೊಳಗೆ ನಲವತ್ತು ಬನಿಯನ್ ಮುಗಿಸಿದರೆ ಹಳೆಯದು ಇರಲಿ, ಇಲ್ಲದಿದ್ದರೆ ಮನೆಗೆ ಒಯ್ಯಿರಿ ಎಂದು ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದ.

ಉಂಗುರ ಬಿಗಿ. ನೇಕಾರನ ಮಗನಿಗೆ ಬಿಗಿಗೆ ಗೊತ್ತಿದ್ದದ್ದು ಒಂದೇ ಮದ್ದು. ಭಾನುವಾರ ಮಗ್ಗದ ಎಣ್ಣೆಯ ಡಬ್ಬಿ ಹುಡುಕಿ ನಾಲ್ಕು ಹನಿ ಬಿಟ್ಟ. ಉಂಗುರ ಸಲೀಸಾಗಿ ತಿರುಗಿತು. ಹಿಗ್ಗಿ ಹೀರೇಕಾಯಿಯಾದ.

ಸೋಮವಾರ ಹನ್ನೊಂದೂವರೆಗೇ ನಲವತ್ತೂ ಮುಗಿದವು. ಕಂಪ್ಯೂಟರಿನಲ್ಲಿ ನೋಡಿದರೆ ಮೊದಲ ಐದು ಬಿಟ್ಟು ಉಳಿದದ್ದೆಲ್ಲ ಮಸುಕು. ಎಣ್ಣೆ ಒಳಗೆಲ್ಲ ಹರಡಿದ ಮೇಲೆ, ಮೇಜಿನ ಮೇಲೆ ಹಾಸಿದ ಬಟ್ಟೆಯತ್ತ ಕೆಳಮುಖವಾಗಿ ನಿಲ್ಲಿಸಿದ್ದ ಲೆನ್ಸು, ಅವನು ಉಂಗುರದಿಂದ ಕೈಬಿಟ್ಟ ಕೂಡಲೇ ತನ್ನ ಭಾರಕ್ಕೆ ತಾನೇ ಜಾರಿ ಫೋಕಸ್ ತಪ್ಪುತ್ತಿತ್ತು. ಕಾರ್ತಿಕೇಯನ್ ಬೈಯಲಿಲ್ಲ. ಬೀರು ತೆರೆದು ಇನ್ನೊಂದು ಲೆನ್ಸ್ ಕೊಟ್ಟ. ಸಂಜೆಯೊಳಗೆ ನಲವತ್ತನ್ನೂ ಮತ್ತೆ ತೆಗೆದದ್ದಾಯಿತು. ಹೊರದೇಶದ ಗಿರಾಕಿ ಚೆನ್ನಾಗಿದೆ ಎಂದು ಬರೆದ. ಇಷ್ಟು ದಿನ ಹಳೆಯ ಲೆನ್ಸಿನಲ್ಲಿ ತೆಗೆದ ಫೋಟೋಗಳಿಗೂ ಅವನು ಅಷ್ಟೇ ಬರೆಯುತ್ತಿದ್ದದ್ದು. ಗುರುಸಾಮಿಗೆ ಹೊಟ್ಟೆ ಉರಿದದ್ದು ಅದಕ್ಕೆ.

ಮನೆಗೆ ಬಂದು ತಾಯಿ ವಳ್ಳಿಯಮ್ಮನಿಗೆ ಹೇಳಿದ.

"ಎಣ್ಣೆ ಹಾಕ್ದೆಯಾ ಸಾಮಿ? ಓಡೋದಕ್ಕೆ ಎಣ್ಣೆ ಹಾಕ್ಬೇಕು, ನಿಲ್ಲೋದಕ್ಕೆ ಯಾಕೆ? ಹಾಸಿನ ನೂಲು ಸುತ್ತಿರೋ ಉರುಳೇನ ಹಿಡ್ಕೊಳ್ಳೋ ಹಗ್ಗಕ್ಕೆ ನಿಮ್ಮಪ್ಪ ಒಂದ್ ದಿನಾನಾದ್ರೂ ಎಣ್ಣೆ ತೋರ್ಸಿದ್ರಾ?"

"ಇಲ್ಲಮ್ಮಾ."

"ಆ ಹಗ್ಗ ಜಾರಿದ್ರೆ ನೂಲು ಸಡ್ಲ ಆಗಿ ನೇಯ್ಗೇನೇ ಇಲ್ಲ. ಅದ್ನೂ ಮರ್ತ್‌ಬುಟ್ಟೆ."

ಅವನು ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ರಿಪೇರಿಗೆ ಒಯ್ದ.

ಕೊಯಮತ್ತೂರಿನ ರಿಪೇರಿಯವನು ಎಣ್ಣೆ ಒರೆಸಿ, ಗಟ್ಟಿ ಗ್ರೀಸ್ ಹಾಕಿಕೊಟ್ಟ. ಉಂಗುರ ಮತ್ತೆ ಬಿಗಿಯಾಯಿತು. ಕಂಪನಿಯಲ್ಲಿ ಅದಕ್ಕೆ ಇನ್ನು ಜಾಗವಿಲ್ಲ. ಮುಂದಿನ ಭಾನುವಾರ ಯಾರದೋ ಕ್ಯಾಮೆರಾ ಕೇಳಿ ತಂದು, ಮನೆಯ ಮಗ್ಗದಲ್ಲಿ ನೇಯ್ದ ಕೊನೆಯ ಸೀರೆಯನ್ನು ಹಾಸಿ ಲೆನ್ಸನ್ನು ಅದರ ಮೇಲೆ ಕೆಳಮುಖವಾಗಿ ನಿಲ್ಲಿಸಿದ. ವಳ್ಳಿಯಮ್ಮನಿಗೆ ಈಗ ಸೂಜಿಯ ಕಣ್ಣೂ ಕಾಣದು. ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟಳು.

"ನೂಲು ಕಿತ್ತಾಗ ಹಾಕಿದ ಈ ಗಂಟು ನಂದಲ್ಲ. ನಿಮ್ಮಪ್ಪಂದು. ಅವ್ರದು ಎಡಗೈ, ಗಂಟು ಆ ಕಡೆ ತಿರುಗಿರ್ತದೆ."

ಗುರುಸಾಮಿ ಉಂಗುರದಿಂದ ಕೈ ತೆಗೆದ. ಅದು ಅಲ್ಲೇ ನಿಂತಿತು.