ಆರು ಪಾತಿ ಹಸಿರು

ಸೊಪ್ಪು ಬೆಳೆದು ತಾನೇ ಮಾರುವ ಅವನನ್ನು ಮಾರುಕಟ್ಟೆಯವರು ತುದಿಗಾಲಣ್ಣ ಎನ್ನುತ್ತಿದ್ದರು. ಬಿತ್ತಿದ ಮರುದಿನವೇ ಮೊಳಕೆ ಬಂತೇ ಎಂದು ಮಣ್ಣು ಕೆದಕಿ ನೋಡುವ ಆಸಾಮಿ. ಮೂವತ್ತು ವರ್ಷ ಅವನು ಮಾರಿದ್ದು ಬರೀ ಹಸಿರು. ಸೊಪ್ಪು ಅದರ ಜೊತೆಗೆ ಹೋಗುತ್ತಿತ್ತು.

ಕೇಡು ಬಂದದ್ದು ಹೊಲದ ಮೇಲ್ಗಡೆಯ ಹಳೆಯ ಬ್ಯಾಟರಿ ಕಾರ್ಖಾನೆಯ ಮೋರಿಯಿಂದ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಮಿತಿ ಮೀರಿದೆ, ತಿಂದವರ ಮೂತ್ರಪಿಂಡಕ್ಕೆ ಕುತ್ತು ಎಂದು ವರದಿ ಬಂತು. ಅವನ ಮಳಿಗೆ ಮುಚ್ಚಿತು. ಮುಂದಿನ ಪರೀಕ್ಷೆಯಲ್ಲಿ ಸೊಪ್ಪು ಗೆದ್ದರೆ ಮಾತ್ರ ಅದರ ಬಾಗಿಲು ತೆರೆಯಬಹುದು.

ಮಣ್ಣು ಪರೀಕ್ಷೆಯ ಮೇಡಂ ಬಂದು ಹೊಲಕ್ಕೆ ಸುಣ್ಣದ ಪುಡಿ, ಇದ್ದಿಲ ಪುಡಿ ಬೆರೆಸಿದರು.

"ಇದು ಲೋಹ ತೆಗೆಯಲ್ಲ, ಬೇರಿಗೆ ಸಿಗದ ಹಾಗೆ ಕಟ್ಟಿಹಾಕತ್ತೆ ಅಷ್ಟೇ. ಮಣ್ಣು ಹುಳಿಯಾದ್ರೆ ಕಟ್ಟು ಬಿಚ್ಚಿಕೊಳ್ಳತ್ತೆ. ನೀರು ಬಿಟ್ಟು ಬೇರೇನೂ ಹಾಕಬೇಡಿ. ಸುಮ್ನೆ ಇರಿ."

ಅವನಿಗೆ ಬಾರದ ಕೆಲಸ ಅದೊಂದೇ. ದಿನಕ್ಕೆ ಎಂಟು ಸಲ ಹೊಲಕ್ಕೆ ಹೋಗಿಬಂದ. ಊಟದ ತಟ್ಟೆ ಹಿಡಿದೇ ಬಾಗಿಲಲ್ಲಿ ನಿಂತ.

"ಸುಣ್ಣ ಎಲ್ಲೂ ಓಡಿಹೋಗಲ್ಲ, ಕೂತು ಉಣ್ಣಿ" ಎಂದು ಹೆಂಡತಿ ಗದರಿದಳು.

ಅಂತೂ ಸೊಪ್ಪು ಎದ್ದಿತು. ಆದರೆ ಸುಣ್ಣದ ಮಣ್ಣಿನಲ್ಲಿ ಎಲೆ ಹಳದಿಗೆ ತಿರುಗಿ, ಕಾಮಾಲೆಯಿಂದ ಎದ್ದವರ ಮುಖದಂತಿತ್ತು. ನಾಲ್ಕು ದಿನ ತಡೆದ. ಐದನೆಯ ದಿನ ಅಟ್ಟದ ಮೇಲಿದ್ದ ಅಮೋನಿಯಂ ಗೊಬ್ಬರ ಇಳಿಸಿ ಆರು ಪಾತಿಗೆ ಉದುರಿಸಿದ. ಅದು ಎಲೆಗೆ ಬಣ್ಣ ತರುತ್ತದೆ, ಮಣ್ಣನ್ನು ಹುಳಿ ಮಾಡುತ್ತದೆ. ಮೊದಲನೆಯದು ಅವನಿಗೆ ನೆನಪಿತ್ತು.

ಮೇಡಂ ಪರೀಕ್ಷೆಗೆ ಎಲೆ ಕೊಯ್ಯಲು ಬರುವ ಮುನ್ನಾದಿನ ಹೆಂಡತಿ ಬದುವಿನ ಮೇಲೆ ನಿಂತಳು.

"ಈ ಆರು ಪಾತಿ ಯಾಕೆ ಹೀಗೆ ಮಿಂಚ್ತಿವೆ?"

"ಜಾಗದ ಗುಣ ಇರಬೇಕು."

"ಜಾಗದ್ದಲ್ಲ, ನಿಮ್ಮ ಕೈಗುಣ. ಗೊಬ್ಬರದ ಚೀಲ ಬಿಚ್ಚಿರೋದು ನೋಡಿದೀನಿ."

"ಮೇಡಮ್ಮನ್ನ ಹಳದಿ ಪಾತಿ ಕಡೆ ಕರ್ಕೊಂಡು ಹೋದ್ರಾಯ್ತು ಬಿಡೆ."

"ಆಮೇಲೆ ಇದನ್ನ ಯಾರಿಗೆ ತಿನ್ನಿಸ್ತೀರಿ? ನಮ್ಮಕ್ಕನ ಮನೆಗೆ ಸೊಪ್ಪು ಹೋಗೋದೂ ನಿಮ್ಮ ಹತ್ರದಿಂದಾನೇ."

ಅವನು ಬದುವಿನುದ್ದಕ್ಕೂ ನಡೆದ, ತಿರುಗಿದ, ಮತ್ತೆ ನಡೆದ.

ಮರುದಿನ ಮೇಡಂ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒದರಿಬಿಟ್ಟ.

"ಸುಳ್ಳು ಹೇಳೋಕೂ ಸ್ವಲ್ಪ ತಾಳ್ಮೆ ಬೇಕು, ನಿಮಗೆ ಅದೂ ಇಲ್ಲ" ಎಂದರು ಅವರು. ಹಳದಿ ಎಲೆ ಒಂದು ಚೀಲಕ್ಕೆ, ಹಸಿರೆಲೆ ಇನ್ನೊಂದಕ್ಕೆ ಹೋಯಿತು.

ಪರೀಕ್ಷೆಯಲ್ಲಿ ಹಳದಿ ಗೆದ್ದಿತು. ಹಸಿರು ಕೂದಲೆಳೆಯಷ್ಟು ಮಿತಿ ದಾಟಿತ್ತು. ಮಳಿಗೆ ತೆರೆಯಬಹುದು, ಆರು ಪಾತಿಗೆ ಮತ್ತೆ ಸುಣ್ಣ, ಮತ್ತೊಂದು ಬೆಳೆಯಷ್ಟು ಕಾಲ ಕಾಯುವುದು. ಅಲ್ಲಿನ ಸೊಪ್ಪನ್ನು ಕಿತ್ತು, ಮೂಟೆ ಕಟ್ಟಿ, ಮೇಡಂ ಕಚೇರಿಗೆ ಒಪ್ಪಿಸಬೇಕು.

ಕಿತ್ತು ತುಂಬುತ್ತಿದ್ದಾಗ ಹಳೆಯ ಗಿರಾಕಿಯೊಬ್ಬಳು ಹೊಲದಂಚಿನ ದಾರಿಯಲ್ಲಿ ಬಂದಳು. ಪಕ್ಕದ ಬುಟ್ಟಿಯಲ್ಲಿ ಮಾರುಕಟ್ಟೆಗೆಂದು ಕಟ್ಟಿದ ಹಳದಿ ಸೊಪ್ಪಿತ್ತು. ಅವಳ ಕಣ್ಣು ಮೂಟೆಯ ಮೇಲೆ.

"ಅದರಲ್ಲಿ ಎರಡು ಕಟ್ಟು ಕೊಡಪ್ಪ, ಎಷ್ಟು ಚೆನ್ನಾಗಿದೆ."

"ಅದು ಮಾರೋಕಲ್ಲ ತಾಯಿ."

"ಮತ್ತೆ ಯಾಕೆ ಬೆಳೆದೆ?"

ಅವನು ಮೂಟೆಯ ಬಾಯಿಗೆ ಹಗ್ಗ ಬಿಗಿದು, ಬುಟ್ಟಿಯನ್ನು ಅವಳತ್ತ ತಳ್ಳಿದ. ಅವಳು ಒಂದು ಕಟ್ಟು ಎತ್ತಿದಳು, ಮೂಸಿದಳು, ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಅಷ್ಟು ಹೊತ್ತೂ ಅವನು ಬಾಯಿ ತೆರೆಯದೆ ನಿಂತಿದ್ದ.